ಅಡಿಕೆಗೆ ಹೋದ ಮಾನ ತಡೆಯಾಜ್ಞೆಗೆ ವಾಪಸ್!

ಕೊಡಿಗೇಹಳ್ಳಿ: ಸೈಟಿನ ಖಾತೆ ಬದಲಾಯಿಸೋಕೆ ಗುಮಾಸ್ತನೊಬ್ಬ ಕೈ ಒಡ್ಡಿದ, ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದ ಎಂದಿಟ್ಟುಕೊಳ್ಳಿ. ನಲವತ್ತೆಂಟು ಗಂಟೆಗಿಂತ ಹೆಚ್ಚು ಹೊತ್ತು ಒಳಗಿದ್ದರೆ ಸಾಕು, ಅಮಾನತಾದಂತೆಯೇ ಲೆಕ್ಕ. ಶಿಕ್ಷೆಯಾದರೆ ನೌಕರಿಗೇ ಸಂಚಕಾರ. ಕೊಡಿಗೇಹಳ್ಳಿ ಗೇಟಿನ ಹೋಟೆಲಿನಲ್ಲಿ ಅರ್ಧ ಟೀ ಕುಡಿಯೋಕೆ ನಿಂತರೂ ನಾಲ್ಕು ಬೆರಳು ಅವನತ್ತ ತಿರುಗುತ್ತವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹಿರಿಯರು ಹೇಳಿದ್ದು ಇಂಥವರಿಗೇ.

ಅದೇ ಕೆಲಸ ಶಾಸಕರು ಮಾಡಿದರೆ? ಭ್ರಷ್ಟಾಚಾರ ತಡೆ ಕಾಯ್ದೆಯ ಕಣ್ಣಿಗೆ ಗುಮಾಸ್ತನೂ ಒಂದೇ, ಶಾಸಕರೂ ಒಂದೇ. ಇಬ್ಬರೂ ಸಾರ್ವಜನಿಕ ಸೇವಕರೇ. ಆದರೆ ಗುಮಾಸ್ತನ ಮಾನ ಹೋದರೆ ಹೋಯಿತು. ಶಾಸಕರ ಮಾನ ಮಾತ್ರ ಕೋರ್ಟಿನ ಒಂದು ಹಾಳೆಯಲ್ಲಿ ತಿರುಗಿ ಬಂದುಬಿಡುತ್ತದೆ!

ಆರೋಪ ಬೇರೆ, ಅಪರಾಧ ಬೇರೆ

ಮೊದಲು ಒಂದು ಮಾತು. ಸಿಕ್ಕಿಬಿದ್ದವರೆಲ್ಲ ಕಳ್ಳರಲ್ಲ. ನಮ್ಮ ಮಗ್ಗುಲಲ್ಲೇ, ಬಳ್ಳಾರಿ ರಸ್ತೆ ದಾಟಿ ಆಚೆಗಿರುವ ರಾಚೇನಹಳ್ಳಿಯ ಹೆಸರು ಒಂದು ಕಾಲಕ್ಕೆ ರಾಜ್ಯವೆಲ್ಲ ಓಡಾಡಿತ್ತು. ಅಲ್ಲಿನ ಜಮೀನನ್ನು ಗಣಿ ಕಂಪನಿಯೊಂದಕ್ಕೆ ಮಾರಿದ್ದು, ಟ್ರಸ್ಟಿಗೆ ದೇಣಿಗೆ ಪಡೆದದ್ದು, ಇವನ್ನೆಲ್ಲ ಹಿಡಿದು ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಅವರ ಪುತ್ರರು ಮತ್ತು ಅಳಿಯನ ಮೇಲೆ ಸಿಬಿಐ ಕೇಸು ನಡೆಯಿತು. 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯ ಅವರನ್ನೆಲ್ಲ ಖುಲಾಸೆ ಮಾಡಿತು. ಆರೋಪ ಸಾಬೀತಾಗಲಿಲ್ಲ ಎಂದ ಮೇಲೆ ಅಲ್ಲಿಗೆ ಆ ಮಾತು ಮುಗಿಯಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಸಾಬೀತಾದವರ ಕಥೆ ಏನಾಯಿತು?

ಮಗ ಹೋದರೆ ಅಮ್ಮ

ಕೆಜಿಎಫ್ ಶಾಸಕ, ಬಿಜೆಪಿಯ ವೈ. ಸಂಪಂಗಿಯವರ ಪ್ರಕರಣ ನೋಡಿ. 2009ರ ಜನವರಿಯಲ್ಲಿ, ಅದೂ ಶಾಸಕರ ಭವನದಲ್ಲೇ, 5 ಲಕ್ಷ ರೂಪಾಯಿ ಲಂಚದ ವ್ಯವಹಾರದಲ್ಲಿ ಲೋಕಾಯುಕ್ತ ಪೊಲೀಸರು ಅವರನ್ನು ಹಿಡಿದರು. 2012ರ ಜೂನಿನಲ್ಲಿ ವಿಶೇಷ ನ್ಯಾಯಾಲಯ ತಪ್ಪಿತಸ್ಥ ಎಂದು ತೀರ್ಪಿತ್ತು ಮೂರೂವರೆ ವರ್ಷ ಶಿಕ್ಷೆ ವಿಧಿಸಿತು.

ಕುರ್ಚಿ ಹೋಯಿತೇ? ಇಲ್ಲ. ಆಗಿನ ಕಾನೂನೇ ಹಾಗಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 8(4)ನೇ ಕಲಂ ಪ್ರಕಾರ, ಶಿಕ್ಷೆಯಾದ ಶಾಸಕರು ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿಬಿಟ್ಟರೆ ಸ್ಥಾನ ಭದ್ರ. ಕೆಜಿಎಫ್‌ಗೆ ಉಪಚುನಾವಣೆಯೂ ಬರಲಿಲ್ಲ. 2013ರ ಚುನಾವಣೆಯಲ್ಲಿ ಅಲ್ಲಿಂದ ಗೆದ್ದು ಬಂದವರು ಅವರ ತಾಯಿ ರಾಮಕ್ಕ! 2018ರಲ್ಲಿ ಮಗಳು ನಿಂತರು, ಸೋತರು. ಶಿಕ್ಷೆ ಒಬ್ಬರಿಗಾಯಿತು, ಟಿಕೆಟ್ಟು ಮನೆಯಲ್ಲೇ ಉಳಿಯಿತು.

ಬಾಗಿಲು ಮುಚ್ಚಿತು, ಕಿಟಕಿ ಉಳಿಯಿತು

2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ 8(4)ನೇ ಕಲಂ ಅನ್ನೇ ಕಿತ್ತು ಹಾಕಿತು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಆ ಕ್ಷಣದಿಂದಲೇ ಸ್ಥಾನ ಖಾಲಿ. ಭ್ರಷ್ಟಾಚಾರದ ಕೇಸಾದರೆ ಬರೀ ದಂಡ ಬಿದ್ದರೂ ಅನರ್ಹತೆ ತಪ್ಪದು. ಶಿಕ್ಷೆ ಮುಗಿಸಿ ಬಂದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ.

ಬಾಗಿಲು ಮುಚ್ಚಿತಲ್ಲ ಎಂದು ಜನ ಸಮಾಧಾನಪಟ್ಟರು. ಕಿಟಕಿಯೊಂದು ತೆರೆದೇ ಇತ್ತು. ಬರೀ ಶಿಕ್ಷೆಯನ್ನಲ್ಲ, 'ತಪ್ಪಿತಸ್ಥ' ಎಂಬ ತೀರ್ಮಾನವನ್ನೇ ಮೇಲಿನ ಕೋರ್ಟು ತಡೆಹಿಡಿದರೆ ಅನರ್ಹತೆಯೂ ನಿಂತುಹೋಗುತ್ತದೆ.

ಗಂಗಾವತಿಯಲ್ಲಿ ಆದದ್ದು ಇದೇ. ಓಬಳಾಪುರಂ ಗಣಿ ಪ್ರಕರಣದಲ್ಲಿ ಜಿ. ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರಿನಲ್ಲಿ. ಹೈದರಾಬಾದಿನ ಸಿಬಿಐ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟದ್ದು 2025ರ ಮೇ 6ಕ್ಕೆ. ನಡುವೆ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ! ಶಾಸಕ ಸ್ಥಾನ ಹೋಯಿತು. ಜೂನ್ 11ರಂದು ತೆಲಂಗಾಣ ಹೈಕೋರ್ಟಿನ ಆದೇಶ ಬಂತು, ಅದೇ ತಿಂಗಳು ಸ್ಥಾನವೂ ಮರಳಿತು. ಕೊಡೋಕೆ ಹದಿಮೂರು ವರ್ಷ, ತಡೆಯೋಕೆ ಮೂವತ್ತಾರು ದಿನ.

ಕಾರವಾರದ ಸತೀಶ್ ಸೈಲ್ ಅವರದೂ ಗಣಿಯ ಧೂಳೇ. ಅರಣ್ಯ ಇಲಾಖೆ 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಕಬ್ಬಿಣದ ಅದಿರು ಅಲ್ಲಿಂದಲೇ ಮಾಯವಾಗಿ ಹಡಗು ಹತ್ತಿತ್ತು. ಆ ಗಲಾಟೆಯ ನಂತರವೂ ಸೈಲ್ 2013ರಲ್ಲಿ ಪಕ್ಷೇತರರಾಗಿ, 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 26ಕ್ಕೆ. ನವೆಂಬರಿನಲ್ಲಿ ಹೈಕೋರ್ಟು ಶಿಕ್ಷೆ ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಯಾರದ್ದಾದರೂ ಹಕ್ಕು, ಅದನ್ನು ತಪ್ಪು ಎನ್ನಲಾಗದು. ಆದರೆ ಮೇಲ್ಮನವಿಗೂ ವರ್ಷಗಟ್ಟಲೆ ಹಿಡಿದರೆ ತೀರ್ಪಿಗೆ ಏನರ್ಥ?

ಬೆಂಗಳೂರೇ ಸಾಕ್ಷಿ

ಆ ತಡದ ಬೆಲೆ ಎಷ್ಟು ಎಂಬುದನ್ನು ನಮ್ಮೂರೇ ಕಂಡಿದೆ. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ 1996ರದು. ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕಲ್ ಕುನ್ಹಾ ತೀರ್ಪು ಓದಿದ್ದು 2014ರ ಸೆಪ್ಟೆಂಬರ್ 27ರಂದು. ನಾಲ್ಕು ವರ್ಷ ಜೈಲು, 100 ಕೋಟಿ ದಂಡ. ಮುಖ್ಯಮಂತ್ರಿ ಕುರ್ಚಿ ಅಂದೇ ಹೋಯಿತು. 2015ರ ಮೇನಲ್ಲಿ ಕರ್ನಾಟಕ ಹೈಕೋರ್ಟು ಖುಲಾಸೆ ಮಾಡಿತು, ಅವರು ಮತ್ತೆ ಮುಖ್ಯಮಂತ್ರಿಯಾದರು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಮೊದಲಿನ ತೀರ್ಪೇ ಸರಿ ಎಂದಾಗ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಜೈಲಿಗೆ ನಡೆದವರು ಶಶಿಕಲಾ ಮತ್ತು ಇತರರು.

ಹಿಡಿಯುವವರ ಪಾಡೂ ಅಷ್ಟೇ. 1986ರಲ್ಲಿ ಕಣ್ಣುಬಿಟ್ಟ ನಮ್ಮ ಲೋಕಾಯುಕ್ತದ ಹಲ್ಲನ್ನು 2016ರ ಮಾರ್ಚಿನಲ್ಲಿ ಕಿತ್ತು, ಸರ್ಕಾರದ ಕೈಯಲ್ಲಿದ್ದ ಎಸಿಬಿಗೆ ಕಟ್ಟಿದರು. 2022ರ ಆಗಸ್ಟ್ 11ರಂದು ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿ ಹಲ್ಲು ವಾಪಸ್ ಕೊಡಿಸಿತು. ನಡುವಿನ ಆರು ವರ್ಷವನ್ನು ವಾಪಸ್ ಕೊಡುವವರಾರು?

ಹಾಳೆ ಓದಿ ಸ್ವಾಮಿ

ಹಾಗಾದರೆ ಮತದಾರ ಕೈಕಟ್ಟಿ ಕೂರಬೇಕೆ? ಬೇಡ. ಅವನ ಕೈಯಲ್ಲೂ ಒಂದು ಹಾಳೆ ಇದೆ. ನಾಮಪತ್ರದ ಜೊತೆ ಪ್ರತಿಯೊಬ್ಬ ಅಭ್ಯರ್ಥಿಯೂ ಫಾರಂ 26ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು. ಬಾಕಿ ಇರುವ ಕೇಸು, ಆಗಿರುವ ಶಿಕ್ಷೆ, ಆಸ್ತಿ, ಸಾಲ ಎಲ್ಲ ಅದರಲ್ಲಿರುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕೇಸುಳ್ಳವರು ಮೂರು ಸಲ ಪತ್ರಿಕೆಯಲ್ಲೂ ಅದನ್ನು ಪ್ರಕಟಿಸಬೇಕು. ಪುಟದ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಬರುವ ಆ ಜಾಹೀರಾತನ್ನು ಟೆಂಡರ್ ನೋಟೀಸು ಎಂದುಕೊಂಡು ನಾವು ಪುಟ ತಿರುವುತ್ತೇವೆ.

ಟಾಟಾ ನಗರದಲ್ಲಾಗಲಿ, ತಿಂಡ್ಲುವಿನಲ್ಲಾಗಲಿ, 30-40ರ ಸೈಟು ಕೊಳ್ಳುವ ಮುನ್ನ ಜನ ಏನೇನು ನೋಡ್ತಾರೆ? ತಾಯಿಪತ್ರ, ಖಾತೆ, ಮೂವತ್ತು ವರ್ಷದ ಇ.ಸಿ. ಎಲ್ಲವನ್ನೂ ವಕೀಲರ ಮುಂದಿಟ್ಟು ಎರಡೆರಡು ಸಲ ಓದಿಸ್ತಾರೆ. ಐದು ವರ್ಷಕ್ಕೆ ಇಡೀ ಕ್ಷೇತ್ರವನ್ನೇ ಬರೆದುಕೊಡುವಾಗ ಮಾತ್ರ ಯಾರ ಹಾಳೆಯನ್ನೂ ಯಾರೂ ಕೇಳುವುದಿಲ್ಲ.

ಮಾನ ವಾಪಸ್ ಕೊಡುವ ಅಧಿಕಾರ ಕೋರ್ಟಿಗಿರಬಹುದು. ಮತ ವಾಪಸ್ ಪಡೆಯುವ ಅಧಿಕಾರ, ಒಮ್ಮೆ ಗುಂಡಿ ಒತ್ತಿದ ಮೇಲೆ, ಯಾರಿಗೂ ಇಲ್ಲ.