ಎಂಟು ವರ್ಷ ನಿಲ್ಲಬೇಕಾದ ಲೆಕ್ಕ

ಅಮೆಜಾನ್ ಕಂಪನಿಯ ಕ್ಯೂಎಲ್‌ಡಿಬಿ ಎಂಬ ಡೇಟಾಬೇಸ್ 2019ರ ಸೆಪ್ಟೆಂಬರ್‌ನಲ್ಲಿ ಎಲ್ಲರ ಬಳಕೆಗೆ ಬಂತು. ಒಮ್ಮೆ ಬರೆದದ್ದನ್ನು ಅಳಿಸಲಾಗದ, ತಿದ್ದಿದರೆ ಸಿಕ್ಕಿಬೀಳುವ ಲೆಕ್ಕದ ಪುಸ್ತಕ ಎಂದೇ ಅದು ಹೆಸರು ಮಾಡಿತ್ತು. 2024ರ ಜುಲೈನಲ್ಲಿ ಕಂಪನಿ ಅದನ್ನು ಮುಚ್ಚುವುದಾಗಿ ಹೇಳಿತು. 2025ರ ಜುಲೈ 31ಕ್ಕೆ ಅದು ನಿಂತೇ ಹೋಯಿತು. ಪೂರ್ತಿ ಆರು ವರ್ಷವೂ ಬಾಳಲಿಲ್ಲ. ನಮ್ಮ ಕಂಪನಿ ಕಾಯ್ದೆಯ 128ನೇ ಕಲಮು ಮಾತ್ರ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸು ವರ್ಷವಾದರೂ ಕಾಪಾಡಬೇಕು ಎನ್ನುತ್ತದೆ. ಯಾವ ಡೇಟಾಬೇಸ್ ತೆಗೆದುಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ ನಾನು ಮೊದಲು ಈ ಎರಡು ಲೆಕ್ಕ ಹೇಳುತ್ತೇನೆ.

ನಾನಿರುವುದು ನವಿ ಮುಂಬೈಯ ಐರೋಲಿಯಲ್ಲಿ. ಕಂಪನಿಗಳ ಆಡಿಟ್ ನಡೆಯುವಾಗ ಕಂಪ್ಯೂಟರಿಗೆ ಸಂಬಂಧಪಟ್ಟ ಭಾಗವನ್ನು ನೋಡುವುದು ನನ್ನ ಕೆಲಸ. ಠಾಣೆ-ಬೇಲಾಪುರ ರಸ್ತೆ ಹಿಡಿದು ಹೊರಟರೆ ಐರೋಲಿ, ರಬಾಳೆ, ಮಹಾಪೆ ಉದ್ದಕ್ಕೂ ಕಾರ್ಖಾನೆಗಳೇ ತುಂಬಿದ್ದ ಎಂಐಡಿಸಿ ಕೈಗಾರಿಕಾ ಜಾಗಗಳಲ್ಲಿ ಈಗ ಡೇಟಾ ಸೆಂಟರ್‌ಗಳು ಎದ್ದಿವೆ. ಕಿಟಕಿಗಳಿಲ್ಲದ ಎತ್ತರದ ಗೋಡೆ, ಹೊರಗೆ ಸಾಲಾಗಿ ನಿಂತ ಜನರೇಟರುಗಳು. ಕ್ಲೌಡ್ ಎಂದು ನಾವು ಕರೆಯುವುದು ಇಂಥ ಕಟ್ಟಡದೊಳಗೆ ಬಾಡಿಗೆಗೆ ಸಿಗುವ ಬೇರೆಯವರ ಯಂತ್ರಗಳನ್ನೇ. ಯಂತ್ರ ಬೇರೆಯವರದಾದರೂ ಲೆಕ್ಕದ ಹೊಣೆ ನಮ್ಮದೇ.

2023ರ ಏಪ್ರಿಲ್ 1ರಿಂದ ಆ ಹೊಣೆ ಇನ್ನಷ್ಟು ಹೆಚ್ಚಿದೆ. ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ವ್ಯವಹಾರಕ್ಕೂ ಆಡಿಟ್ ಟ್ರೇಲ್ ಇರಲೇಬೇಕು. ಯಾವ ಬದಲಾವಣೆ, ಯಾವ ದಿನ ಆಯಿತು ಎಂಬುದು ತಾನಾಗಿ ದಾಖಲಾಗಬೇಕು, ಅದನ್ನು ಯಾರೂ ಆಫ್ ಮಾಡುವಂತಿರಬಾರದು. ವರ್ಷವಿಡೀ ಅದು ಚಾಲೂ ಇತ್ತೇ, ಯಾರಾದರೂ ಅದನ್ನೇ ತಿದ್ದಿದ್ದಾರೆಯೇ ಎಂದು ಆಡಿಟರು ತಮ್ಮ ವರದಿಯಲ್ಲಿ ಬರೆದು ಸಹಿ ಹಾಕಬೇಕು. ಬೆಂಗಳೂರಿನ ಟ್ಯಾಲಿ ಸಂಸ್ಥೆ ಎಡಿಟ್ ಲಾಗ್ ಎಂಬ ಪ್ರತ್ಯೇಕ ಆವೃತ್ತಿ ತಂದದ್ದು ಈ ನಿಯಮಕ್ಕಾಗಿಯೇ. ಲೆಕ್ಕದ ಬ್ಯಾಕಪ್ ದಿನಾಲೂ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕೆಂಬ ನಿಯಮವೂ ಇದೆ. ಹಾಗಾಗಿ ಕ್ಲೌಡ್ ಕೊಳ್ಳುವಾಗ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಹೀಗೆ ದೇಶದೊಳಗಿನ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಬ್ಯಾಕಪ್ ಎಲ್ಲಿಗೆ ಹೋಗುತ್ತದೆ ಎಂದೂ ಬೇರೆಯಾಗಿ ಕೇಳಬೇಕು. ಅನೇಕರು ಈ ಎರಡನೆಯದನ್ನು ಕೇಳುವುದಿಲ್ಲ.

ರಬಾಳೆಯ ಒಂದು ಸಾರಿಗೆ ಕಂಪನಿಗೆ ಈ ಕೆಲಸಕ್ಕೆಂದು ಹೋಗಿದ್ದೆ. ಅಲ್ಲಿಯ ಅಕೌಂಟೆಂಟರು ಧಾರವಾಡದ ಕಡೆಯವರು, ಕನ್ನಡದಲ್ಲೇ ಮಾತು. ಆಡಿಟ್ ಟ್ರೇಲ್ ಇದೆಯೇ ಎಂದೆ. ಐತ್ರಿ ಎಂದು ತೆರೆದು ತೋರಿಸಿದರು. ಅದಿರುವ ಡೇಟಾಬೇಸ್‌ನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಕೇಳಿದೆ.

"ನಮ್ಮ ಐಟಿ ಹುಡುಗನ ಹತ್ರ ಐತ್ರಿ ಮೇಡಂ. ಸರ್ವರ್ ನೋಡಾಂವ ಅವನ, ಬ್ಯಾಕಪ್ ತಗೊಳ್ಳಾಂವನೂ ಅವನ."

ತಿದ್ದುವ ಅಧಿಕಾರ, ತಿದ್ದಿದ್ದರ ದಾಖಲೆ, ಆ ದಾಖಲೆಯ ಪ್ರತಿ ಮೂರೂ ಒಂದೇ ಕೈಯಲ್ಲಿ. ಆ ಹುಡುಗ ಪ್ರಾಮಾಣಿಕನೇ ಇರಬಹುದು. ಆದರೆ ಅವನ ಪ್ರಾಮಾಣಿಕತೆಯೊಂದೇ ಪುರಾವೆಯಾದರೆ ಆಡಿಟರು ಯಾವುದನ್ನು ನಂಬಿ ಸಹಿ ಹಾಕಬೇಕು?

ಇದಕ್ಕೆ ಗಣಿತದಲ್ಲಿ ಉತ್ತರವಿದೆ. 48,500 ರೂಪಾಯಿ ಡೀಸೆಲ್ ವೆಚ್ಚದ ಒಂದು ವೋಚರ್ ಇದೆ ಎನ್ನಿ. ದಿನಾಂಕ, ಮೊತ್ತ, ಪಾರ್ಟಿಯ ಹೆಸರು ಎಲ್ಲವನ್ನೂ ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಕೊಟ್ಟರೆ 64 ಅಕ್ಷರ-ಅಂಕಿಗಳ ಒಂದು ಸಾಲು ಹೊರಬರುತ್ತದೆ. ಅದಕ್ಕೆ ಹ್ಯಾಶ್ ಎಂದು ಹೆಸರು. 48,500 ಇದ್ದದ್ದನ್ನು 43,500 ಮಾಡಿದರೆ ಇಡೀ ಸಾಲೇ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಮುಂದಿನ ವೋಚರ್‌ನ ಹ್ಯಾಶ್ ತೆಗೆಯುವಾಗ ಹಿಂದಿನ ಹ್ಯಾಶನ್ನೂ ಜೊತೆಗೆ ಸೇರಿಸುತ್ತಾರೆ, ಅದರ ಮುಂದಿನದಕ್ಕೆ ಇದನ್ನು. ಈ ಹ್ಯಾಶ್ ಸರಪಳಿಯಿಂದಾಗಿ ಏಪ್ರಿಲ್ ತಿಂಗಳ ಒಂದು ಅಂಕಿಯನ್ನು ಮುಟ್ಟಿದರೆ ಮಾರ್ಚ್ ಕೊನೆಯವರೆಗಿನ ಅಷ್ಟೂ ಹ್ಯಾಶ್‌ಗಳು ತಾಳೆ ತಪ್ಪುತ್ತವೆ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆ ಒಂದು ಸಹಕಾರಿ ಸಂಘದಲ್ಲಿ ಕಿರ್ದಿ ಬರೆಯುತ್ತಿದ್ದರು. ಹೊಲಿದು ಕಟ್ಟಿದ ಪುಸ್ತಕ, ಪುಟಕ್ಕೊಂದು ಮುದ್ರಿತ ಸಂಖ್ಯೆ. ತಪ್ಪಾದರೆ ಉಜ್ಜುವಂತಿಲ್ಲ. ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹ್ಯಾಶ್ ಸರಪಳಿ ಮಾಡುವ ಕೆಲಸವೂ ಇದೇ. ಆದರೆ ಸಂಘದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ದಿನದ ಕೊನೆಗೆ ನಗದು ಶಿಲ್ಕನ್ನು ಕಾರ್ಯದರ್ಶಿ ತಮ್ಮ ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಈಗಿನ ವ್ಯವಸ್ಥೆಗಳಲ್ಲಿ ಜನ ಮರೆಯುವುದು ಆ ಬೇರೆ ಪುಸ್ತಕವನ್ನೇ.

ಆ ಪುಸ್ತಕ ಬೇಕೇ ಬೇಕು, ಏಕೆಂದರೆ ಸರಪಳಿಗೂ ಒಂದು ದೌರ್ಬಲ್ಯ ಇದೆ. ಡೇಟಾಬೇಸ್ ಪೂರ್ತಿ ತನ್ನ ಕೈಯಲ್ಲಿರುವವನು ಏಪ್ರಿಲ್‌ನ ಅಂಕಿ ತಿದ್ದಿ, ಅಲ್ಲಿಂದ ಮುಂದಿನ ಹ್ಯಾಶ್‌ಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ ಕೂರಿಸಬಹುದು. ಕಂಪ್ಯೂಟರಿಗೆ ಅದು ಕೆಲವು ನಿಮಿಷಗಳ ಕೆಲಸ. ಅವನನ್ನು ಹಿಡಿಯಬೇಕಾದರೆ ಆಯಾ ದಿನದ ಕೊನೆಯ ಹ್ಯಾಶ್ ಅವನ ಕೈಗೆ ಎಟುಕದ ಕಡೆ ಆ ದಿನವೇ ಹೋಗಿ ಕೂತಿರಬೇಕು. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ ಎಂಬ ಇಬ್ಬರು ವಿಜ್ಞಾನಿಗಳು 1991ರಲ್ಲೇ ಈ ದಾರಿ ತೋರಿಸಿದ್ದರು. ಅವರು ಕಟ್ಟಿದ ಶ್ಯೂರಿಟಿ ಎಂಬ ಕಂಪನಿ 1995ರಿಂದ ವಾರಕ್ಕೊಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಊರೆಲ್ಲ ಹಂಚಿಹೋದ ಪತ್ರಿಕೆಯನ್ನು ಯಾರೂ ವಾಪಸ್ ತಂದು ತಿದ್ದಲಾರರು. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಜೀವ ಇರುವುದು ಇಲ್ಲಿ. ಡೇಟಾಬೇಸ್ ಯಾವುದೇ ಇರಲಿ, ಕೊನೆಯ ಹ್ಯಾಶ್ ಎಲ್ಲಿದೆ, ಅದರ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಬೇಕು.

ಈಗ ಪೇಟೆಯಲ್ಲಿ ಸಿಗುವುದನ್ನು ನೋಡೋಣ. ಮೈಕ್ರೋಸಾಫ್ಟ್‌ನ ಅಜೂರ್ ಎಸ್‌ಕ್ಯೂಎಲ್‌ನಲ್ಲಿ ಲೆಡ್ಜರ್ ಟೇಬಲ್ ಎಂಬ ಸೌಲಭ್ಯವಿದೆ. ಸೇರಿಸಲು ಮಾತ್ರ ಬರುವ ಟೇಬಲ್ ಒಂದು ಬಗೆ, ತಿದ್ದಿದರೆ ಹಳೆಯದನ್ನೂ ಉಳಿಸಿಕೊಳ್ಳುವ ಟೇಬಲ್ ಇನ್ನೊಂದು ಬಗೆ. ಕೊನೆಯ ಹ್ಯಾಶನ್ನು ಅಳಿಸಲಾಗದ ಸಂಗ್ರಹಕ್ಕೆ ತಾನಾಗಿ ಕಳಿಸುವ ವ್ಯವಸ್ಥೆಯೂ ಅದರಲ್ಲೇ ಇದೆ. ಒರೇಕಲ್ ಬಳಸುವವರಿಗೆ ಬ್ಲಾಕ್‌ಚೈನ್ ಟೇಬಲ್ ಇದೆ. ನಿಗದಿ ಮಾಡಿದ ಅವಧಿ ಮುಗಿಯುವ ತನಕ ಸಾಲನ್ನು ಅಳಿಸಲು ಅದು ಬಿಡುವುದಿಲ್ಲ. ಎರಡೂ ಒಳ್ಳೆಯವೇ. ಈಗಾಗಲೇ ಅವುಗಳ ಮೇಲೆ ಕೆಲಸ ನಡೆಸುತ್ತಿರುವ ಕಂಪನಿ ಬೇರೆ ಕಡೆ ಹುಡುಕಬೇಕಾಗಿಲ್ಲ.

ರಬಾಳೆಯ ಕಂಪನಿಯಂಥ ಮಧ್ಯಮ ಗಾತ್ರದವರಿಗೆ ನಾನು ಹೇಳುವುದು ಪೋಸ್ಟ್‌ಗ್ರೆಸ್. ಉಚಿತ, ಯಾವ ಕ್ಲೌಡ್‌ನಲ್ಲೂ ಸಿಗುತ್ತದೆ, ಒಂದು ಕಂಪನಿಯ ಸೊತ್ತಲ್ಲ. ಅಮೆಜಾನ್ ಕೂಡ ಕ್ಯೂಎಲ್‌ಡಿಬಿ ಮುಚ್ಚುವಾಗ ತನ್ನ ಗ್ರಾಹಕರಿಗೆ ತೋರಿಸಿದ ದಾರಿ ಪೋಸ್ಟ್‌ಗ್ರೆಸ್ ಮಾದರಿಯ ಅರೋರಾವೇ. ಹ್ಯಾಶ್ ಸರಪಳಿ ಅದರಲ್ಲಿ ತಾನಾಗಿ ಬರುವುದಿಲ್ಲ, ನಾವೇ ಬರೆಸಿಕೊಳ್ಳಬೇಕು. ಸೂಪರ್‌ಯೂಸರ್ ಏನು ಬೇಕಾದರೂ ಮಾಡಬಲ್ಲ ಎಂಬುದೂ ನಿಜ. ಆದ್ದರಿಂದಲೇ ಪ್ರತಿ ರಾತ್ರಿ ಕೊನೆಯ ಹ್ಯಾಶ್ ಮತ್ತು ಅಂದಿನ ಲಾಗ್‌ನ ಪ್ರತಿ ಇನ್ನೊಂದು ಕ್ಲೌಡ್ ಖಾತೆಗೆ ಹೋಗಬೇಕು, ಆ ಖಾತೆಯ ಪಾಸ್‌ವರ್ಡ್ ಐಟಿ ವಿಭಾಗದ ಹತ್ತಿರ ಇರಬಾರದು. ಅಮೆಜಾನ್‌ನ ಎಸ್3 ಸಂಗ್ರಹದಲ್ಲಿ ಆಬ್ಜೆಕ್ಟ್ ಲಾಕ್ ಎಂಬ ಬೀಗವಿದೆ. ಅದನ್ನು ಕಂಪ್ಲಾಯನ್ಸ್ ಬಗೆಯಲ್ಲಿ ಹಾಕಿದರೆ ಖಾತೆಯ ಮಾಲೀಕರೂ ಅವಧಿಗೆ ಮೊದಲು ಆ ಫೈಲನ್ನು ಅಳಿಸಲಾರರು. ಅವಧಿಯನ್ನು ಹೆಚ್ಚಿಸಬಹುದು, ಕಡಿಮೆ ಮಾಡಲು ಬರುವುದಿಲ್ಲ. ಎಂಟರ ಬದಲು ಎಂಬತ್ತು ವರ್ಷ ಎಂದು ಒತ್ತಿದರೆ ಆ ಖಾತೆ ಇರುವ ತನಕ ಬಾಡಿಗೆ ಕಟ್ಟುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಮೊದಲು ಒಂದು ದಿನದ ಅವಧಿ ಇಟ್ಟು ಪರೀಕ್ಷಿಸಿ ನೋಡಿ.

ಗ್ರಾಹಕರ ಪ್ಯಾನ್ ನಂಬರು, ಮೊಬೈಲ್ ನಂಬರುಗಳನ್ನು ಇಂಥ ಅಳಿಸಲಾಗದ ದಾಖಲೆಯೊಳಗೆ ನೇರವಾಗಿ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಅವನ್ನು ಬೇರೆ ಟೇಬಲ್‌ನಲ್ಲಿಟ್ಟು ಇಲ್ಲಿ ಸಂಕೇತ ಸಂಖ್ಯೆ ಮಾತ್ರ ಬರೆಯುವುದು ಒಳ್ಳೆಯದು. ಇನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರದಲ್ಲಿ ಅದರ ಹ್ಯಾಶನ್ನು ನಮೂದಿಸಬೇಕು. ಇಂಜಿನಿಯರುಗಳ ಮಾತಾಗಿದ್ದ ಹ್ಯಾಶ್ ಈಗ ವಕೀಲರ ಮೇಜಿಗೂ ಬಂದಿದೆ.

ಇಷ್ಟೆಲ್ಲ ಮಾಡಿದರೂ ಒಂದು ಬಾಗಿಲು ತೆರೆದೇ ಇರುತ್ತದೆ. ಐರೋಲಿ ಸೇತುವೆ ದಾಟಿದರೆ ಮುಲುಂದ್, ಅದರ ಪಕ್ಕ ಭಾಂಡುಪ್. ಪಿಎಂಸಿ ಎಂಬ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಇದ್ದದ್ದು ಅಲ್ಲೇ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು ಸಾವಿರ ರೂಪಾಯಿ ಮಾತ್ರ. ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ಎಚ್‌ಡಿಐಎಲ್ ಎಂಬ ರಿಯಲ್ ಎಸ್ಟೇಟ್ ಸಮೂಹದ 44 ಸಾಲದ ಖಾತೆಗಳನ್ನು ಮುಚ್ಚಿಡಲು 21,049 ಸುಳ್ಳು ಖಾತೆಗಳನ್ನು ತೋರಿಸಲಾಗಿತ್ತು. ಆ ಸುಳ್ಳು ಖಾತೆಗಳು ಬ್ಯಾಂಕಿನ ಮೂಲ ವ್ಯವಸ್ಥೆಯಲ್ಲಿ ಇರಲೇ ಇಲ್ಲ, ರಿಸರ್ವ್ ಬ್ಯಾಂಕಿಗೆ ಕಳಿಸುವ ಪಟ್ಟಿಯಲ್ಲಿ ಮಾತ್ರ ಇದ್ದವು. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣವೂ ಹೀಗೆಯೇ. ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದ ಮೂಲಕ ಹೋದ ಸಂದೇಶಗಳು ಬ್ಯಾಂಕಿನ ಲೆಕ್ಕಕ್ಕೆ ಬರಲೇ ಇಲ್ಲ. ಯಾವ ಡೇಟಾಬೇಸೂ ತನ್ನೊಳಗೆ ಬಾರದ್ದನ್ನು ಕಾಯಲಾರದು. ಹಾಗಾಗಿ ಹೊರಗಿನವರಿಗೆ ಕೊಡುವ ಪ್ರತಿ ವರದಿಯೂ ಯಾರದೋ ಎಕ್ಸೆಲ್ ಶೀಟಿನ ಮೂಲಕ ಹೋಗದೆ ನೇರ ಆ ದಾಖಲೆಯಿಂದಲೇ ಹೊರಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ನೇರ ಬ್ಯಾಂಕಿನಿಂದಲೇ ಬರಬೇಕು.

ರಬಾಳೆಯವರು ಕೊನೆಗೆ ಮುಂಬೈ ಕೇಂದ್ರದ ಪೋಸ್ಟ್‌ಗ್ರೆಸ್ಸನ್ನೇ ಹಿಡಿದರು. ಬೀಗ ಹಾಕಿದ ಸಂಗ್ರಹದ ಖಾತೆ ಮಾಲೀಕರ ಹೆಸರಿನಲ್ಲಿದೆ. ತಿಂಗಳ ಕೊನೆಯ ಹ್ಯಾಶ್‌ಗೆ ಅವರ ಆಡಿಟರು ತಮ್ಮ ಡಿಜಿಟಲ್ ಸಹಿಯ ಡಿಎಸ್‌ಸಿ ಡಾಂಗಲ್‌ನಿಂದ ಸಹಿ ಹಾಕಿ ಒಂದು ಪ್ರತಿ ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಲೆಕ್ಕವನ್ನು ಖಾಲಿ ಯಂತ್ರದಲ್ಲಿ ಎಬ್ಬಿಸಿ, ಮೊದಲಿನಿಂದ ಹ್ಯಾಶ್ ತೆಗೆದು ತಾಳೆ ನೋಡುತ್ತಾರೆ. ಇದಕ್ಕೆಲ್ಲ ಅತಿ ಹೆಚ್ಚು ಒತ್ತಾಯ ಮಾಡಿದವನು ಆ ಐಟಿ ಹುಡುಗನೇ. ಒಂದು ರೂಪಾಯಿ ಆಚೀಚೆ ಆದರೂ ಎಲ್ಲರೂ ಮೊದಲು ನೋಡುವುದು ತನ್ನ ಕಡೆಗೇ, ಈಗ ತೋರಿಸಲು ತನ್ನ ಹತ್ತಿರ ಪುರಾವೆ ಇರುತ್ತದೆ ಎಂದು ಅವನು ನನಗೆ ಹೇಳಿದ.