ಹೆಂಚಿನ ಛಾವಣಿಯ ದುರಸ್ತಿ ಮತ್ತು ಬದಲಾವಣೆ

ಸೋರುವ ಹೆಂಚಿನ ಛಾವಣಿಯನ್ನು ದುರಸ್ತಿ ಮಾಡಬೇಕೆ, ಬದಲಿಸಬೇಕೆ ಎಂಬುದನ್ನು ಹೆಂಚಿಗಿಂತ ಅದರ ಕೆಳಗಿನ ಮರವೇ ನಿರ್ಧರಿಸುತ್ತದೆ. ಭೀಮನಬೀಡು ಇರುವ ಗುಂಡ್ಲುಪೇಟೆ ಸೀಮೆಯ ಹಳೆಯ ಮನೆಗಳಲ್ಲಿ ನಾಡಹೆಂಚು, ಮಂಗಳೂರು ಹೆಂಚು ಎರಡೂ ಸಾಮಾನ್ಯ. ಎರಡನೆಯದನ್ನು ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ತಯಾರಿಸಲಾರಂಭಿಸಿತು.

ಸುಟ್ಟ ಮಣ್ಣಿಗೆ ಬಿಸಿಲಿನಿಂದ ಹೆಚ್ಚಿನ ಹಾನಿಯಿಲ್ಲ. ಕೋತಿಗಳ ಓಡಾಟದಿಂದ ಹೆಂಚು ಜರುಗುವುದೂ ಒಡೆಯುವುದೂ ಉಂಟು. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ತೆಗೆದು ಬೇರೆಯವನ್ನು ಹೊದಿಸಿದರೆ ಸಾಕು. ಜಂತೆ, ರೀಪುಗಳಿಗೆ ಗೆದ್ದಲು ಹಿಡಿದು ಛಾವಣಿ ಬಾಗಿದ್ದರೆ ಮರವನ್ನೇ ಬದಲಿಸಬೇಕು. ಆಗಲೂ ಗಟ್ಟಿ ಹೆಂಚುಗಳನ್ನು ಮರಳಿ ಬಳಸಬಹುದು.

ತಗಡು ಹಗುರ, ಹೊದಿಸುವುದೂ ಸುಲಭ. ಆದರೆ ತೆಳುಲೋಹ ಬೇಗನೆ ಕಾಯುತ್ತದೆ. ಹೆಂಚಿನ ಸಂದುಗಳಲ್ಲಿ ಆಡುವ ಗಾಳಿಯೂ ಅದರಲ್ಲಿಲ್ಲ. ಹಗಲೆಲ್ಲ ಮನೆಯಲ್ಲಿಯೇ ಇರುವ ವೃದ್ಧರಿಗೆ, ಹಸುಗೂಸುಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ತಗಡನ್ನೇ ಹಾಕುವುದಾದರೆ ಹೊರಮೈಗೆ ಬಿಳಿಬಣ್ಣ ಬಳಿಯುವುದರಿಂದ ಕಾವು ಕೊಂಚ ತಗ್ಗುತ್ತದೆ.