ಕರಿಹಲಗೆಯ ಮೇಲಣ ಹೆಸರುಗಳು

ಗುರುಗಳು ಹೊರಗೆ ಹೋದೊಡನೆ ತರಗತಿಯ ಮಾನಿಟರನು ಸೀಮೆಸುಣ್ಣ ಹಿಡಿದು ಕರಿಹಲಗೆಯ ಬಳಿ ನಿಲ್ಲುತ್ತಾನೆ. ಮಾತನಾಡಿದವರ ಹೆಸರು ಅಲ್ಲಿ ಮೂಡುತ್ತದೆ. ಅವನ ಆಪ್ತಮಿತ್ರರ ಹೆಸರು ಮಾತ್ರ ಏಕೋ ಮೂಡುವುದಿಲ್ಲ! ಮಾನಿಟರನೆಂದರೆ ಕಾವಲುಗಾರನೆಂದೇ ನಾವು ತಿಳಿದಿದ್ದೇವೆ. ಆದರೆ ಹುಡುಗರ ಕೈಗೇ ತರಗತಿಯ ಹೊಣೆಯನ್ನು ಒಪ್ಪಿಸುವ ರೂಢಿಗೆ ನಾವಿರುವ ಈ ಚೆನ್ನೈ ನಗರದಲ್ಲಿಯೇ ಬೇರೊಂದು ಕಥೆಯುಂಟು.

1789ರಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿಯು ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡನು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ತನ್ನಲ್ಲಿಯೂ ಹಾಗೆಯೇ ಕಲಿಸಬೇಕೆಂದನು. ಉಪಾಧ್ಯಾಯರು ಒಪ್ಪಲಿಲ್ಲ. ಆಗ ಆ ಕೆಲಸವನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ವಹಿಸಿದನು. ಹುಡುಗನು ಚಿಕ್ಕವರಿಗೆ ಅಕ್ಷರ ಕಲಿಸಿಯೇಬಿಟ್ಟನು! ಕ್ರಮೇಣ ಶಾಲೆಯೆಲ್ಲವೂ ಹೀಗೆಯೇ ನಡೆಯಿತು. ಬಲ್ಲವನು ಅರಿಯದವನ ಪಕ್ಕದಲ್ಲಿ ಕುಳಿತನು. 1797ರಲ್ಲಿ ಬೆಲ್ ಈ ಪ್ರಯೋಗದ ವೃತ್ತಾಂತವನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಮುಂದೆ ಇದು 'ಮದರಾಸು ಪದ್ಧತಿ'ಯೆಂದು ಹೆಸರಾಯಿತು. ಬಹುಮಟ್ಟಿಗೆ ಬಾಯಿಪಾಠದ ಯಂತ್ರವಾಯಿತೆಂಬ ಆಕ್ಷೇಪಣೆಯೂ ಬಂದಿತು, ಅದು ಸುಳ್ಳೆನ್ನಲಾರೆವು.

ತಪ್ಪುಗಳನ್ನು ಬರೆದಿಡುವ ಪುಸ್ತಕ ಅಲ್ಲಿಯೂ ಇದ್ದಿತು. ಆದರೆ ವಾರಕ್ಕೊಮ್ಮೆ ಅದನ್ನು ಎಲ್ಲರೆದುರು ತೆರೆದು, ಹುಡುಗರೇ ಪಂಚರಾಗಿ ಕುಳಿತು ವಿಚಾರಿಸುತ್ತಿದ್ದರು. ನಮ್ಮ ಕರಿಹಲಗೆಗೆ ಅಂಥ ವಿಚಾರಣೆಯಿಲ್ಲ. ಹರಟಿದವನೂ, ಪಕ್ಕದವನಿಗೆ ಪಾಠ ಹೇಳಿಕೊಟ್ಟವನೂ ಅಲ್ಲಿ ಒಂದೇ ಸಾಲಿನವರು. ಮೊನ್ನೆ ನಮ್ಮಲ್ಲೊಬ್ಬನು ದಶಾಂಶದ ಭಾಗಾಕಾರವನ್ನು ಪಿಸುಮಾತಿನಲ್ಲಿ ವಿವರಿಸಿ ಆ ಸಾಲನ್ನು ಸೇರಿದನು. ಕೇಳಿಸಿಕೊಂಡವನ ಲೆಕ್ಕವು ಮಾತ್ರ ಸರಿಯಾಗಿತ್ತು.